ನಾಲ್ಕನೆಯ ನಿಂಬೆಹಣ್ಣು

“ಇವತ್ತು ನಿಂಬಿಹಣ್ಣು ನಾ ಇಡ್ತೀನಿ, ಕೊಡು,” ಎಂದು ಕರೀಮಾಬಿ ಕೈ ಚಾಚಿದಾಗ ಆನಂದಕುಮಾರ ಜೇಬಿನ ಮೇಲೆ ಕೈ ಒತ್ತಿ ಹಿಡಿದ. ಕಾರಿನ ನಾಲ್ಕು ಗಾಲಿಗಳ ಮುಂದೆ ಹಣ್ಣಿಡುವುದು ಹನ್ನೆರಡು ವರ್ಷದಿಂದ ಅವನ ಕೆಲಸ. ಆದರೆ ಇವತ್ತು ಕಾರು ಓಡಿಸುವವನೇ ಅವನು. ಓಡಿಸುವವನು ತನ್ನ ಹಣ್ಣು ತಾನೇ ಇಟ್ಟುಕೊಳ್ಳಬಾರದು ಎಂದು ನಿಯಮ ಮಾಡಿದವನೂ ಅವನೇ. ಜೇಬಿನಿಂದ ನಾಲ್ಕು ಹಣ್ಣು ತೆಗೆದು ಅವಳ ಅಂಗೈಗೆ ಹಾಕಿದ.

ಬೆಳಗಿನ ಎಂಟು ಗಂಟೆ. ತುರ್ವಿಹಾಳದಾಚೆ ಕಾಲುವೆಯ ಪಕ್ಕದ ಈ ರಸ್ತೆ ಅರ್ಧ ಕಿಲೋಮೀಟರ್ ನೆಟ್ಟಗೆ ಹೋಗಿ ಆಮೇಲೆ ತಿರುಗುತ್ತದೆ. ಕೊಯ್ಲಾದ ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿಯಿಟ್ಟಿದ್ದರು. ಗಾಳಿ ಇಲ್ಲದ್ದರಿಂದ ಹೊಗೆ ಮೇಲೇಳದೆ ರಸ್ತೆಯ ಮೇಲೆ ಸೊಂಟದೆತ್ತರಕ್ಕೆ ಹಾಸಿಕೊಂಡಿತ್ತು. ಜನ ಸೊಂಟದ ಮೇಲೆ ಮಾತ್ರ ಇದ್ದಂತೆ ಅತ್ತಿತ್ತ ಓಡಾಡುತ್ತಿದ್ದರು.

ವರ್ಷಕ್ಕೊಮ್ಮೆ, ಭತ್ತ ಮನೆ ಸೇರಿದ ಮೇಲೆ, ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹಳೇ ಕಾರಿನ ಹುಚ್ಚರೆಲ್ಲ ಇಲ್ಲಿ ಸೇರುತ್ತಾರೆ. ಎರಡೆರಡು ಕಾರು ಜೋಡಿಯಾಗಿ ನಿಲ್ಲುತ್ತವೆ. ಅಂಬಪ್ಪ ಕೆಂಪು ಟವೆಲ್ ಬೀಸುತ್ತಾನೆ. ತಿರುವಿಗೆ ಮೊದಲು ಎಳೆದ ಸುಣ್ಣದ ಗೆರೆಯನ್ನು ಯಾರು ಮೊದಲು ದಾಟಿದರೋ ಅವರಿಗೊಂದು ಶಾಲು. ಆ ಶಾಲಿಗಾಗಿ ಇವರು ವರ್ಷವಿಡೀ ಹೆಂಡಿರಿಂದ ಬೈಸಿಕೊಳ್ಳುತ್ತಾರೆ.

ಕರೀಮಾಬಿಯ ಗಂಡ, ಮಸ್ಕಿಯ ಮೆಕ್ಯಾನಿಕ್ ಹಸನ್‌ಸಾಬ್ ಇದ್ದಷ್ಟು ದಿನ ಆ ಶಾಲು ಬೇರೆಯವರ ಹೆಗಲೇರಿದ್ದು ಕಡಿಮೆ. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತರೆಂದರೆ ಅವರ ಬಿಳಿ ಅಂಬಾಸಿಡರ್ ತನ್ನ ನೋವನ್ನೆಲ್ಲ ತಾನೇ ಹೇಳಿಕೊಳ್ಳುತ್ತಿತ್ತು. ಆರಿಸಲು ಕೀಲಿ ತಿರುವಿದ ಮೇಲೂ ಗಡಗಡ ಎನ್ನುವ ಎಂಜಿನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಸಾಕಂದ್ರ ಸಾಕು ಮಾಡಬೇಕು ಅದು,” ಎನ್ನುತ್ತಿದ್ದರು.

ಶಿಷ್ಯ ಆನಂದಕುಮಾರನ ನಿಂಬೆಹಣ್ಣಿನ ಶಾಸ್ತ್ರಕ್ಕೆ ಅವರು ನಗುತ್ತಿದ್ದರು. “ನಿನ್ನ ಹಣ್ಣು ನೀ ಇಡು, ನನ್ನ ದುವಾ ನಾ ಮಾಡ್ಕೋತೀನಿ.” ಆದರೂ ಕಾರು ಹಣ್ಣಿನ ಮೇಲೆ ಹಾದು ಹೊರಡುವ ಗೆರೆಗೆ ಬಂದು ನಿಂತಾಗ ಕಿಟಕಿಯಿಂದ ತಲೆ ಹಾಕಿ ಕೇಳುತ್ತಿದ್ದರು: “ನಾಲ್ಕೂ ಒಡದಾವೇನೋ?” ಒಮ್ಮೆ ಒಂದು ಹಣ್ಣು ಒಡೆಯದೆ ಉರುಳಿಕೊಂಡಾಗ, ಗೆಲ್ಲುವ ಓಟವನ್ನು ಬಿಟ್ಟು ಕೆಳಗಿಳಿದಿದ್ದರು. “ನಂಬಿಕಿ ನಿಂದು, ಖರೆ. ಆದ್ರ ನಾ ನಿನ್ನ ನಂಬೀನಲ್ಲೋ,” ಎಂದಿದ್ದರು.

ಹೋದ ವರ್ಷ ಕೊನೆಯ ಓಟದಲ್ಲಿ ಎಡಗಡೆ ಮುಂದಿನ ಗಾಲಿಯ ಹಣ್ಣು ಒಡೆಯದೆ ಜಾರಿ ಹೊರಬಂತು. ಪಕ್ಕದಲ್ಲಿ ಲಿಂಗಸುಗೂರಿನ ಬಟ್ಟೆ ಅಂಗಡಿ ಬಸವಂತರಾಯನ ಕಾಂಟೆಸಾ ಕಾರು ಗುರುಗುಡುತ್ತಿತ್ತು. ಆನಂದಕುಮಾರ ಬಗ್ಗಿ ಹಣ್ಣನ್ನು ಜೇಬಿಗೆ ಹಾಕಿಕೊಂಡ. “ಒಡದಾವ್ರಿ ಉಸ್ತಾದ್,” ಎಂದ. ಅಂಬಾಸಿಡರ್ ಗೆರೆಯನ್ನು ಮೊದಲು ದಾಟಿತು. ದಾಟಿ, ಎಡಕ್ಕೆ ಹೊರಳಿ, ತುಂಬಿದ ಕಾಲುವೆಗೆ ಹೋಯಿತು. ಉಸ್ತಾದರು ಜೀವಂತ ಮೇಲೆ ಬರಲಿಲ್ಲ. ಆಮೇಲೆ ಬಿಚ್ಚಿ ನೋಡಿದರೆ ಬ್ರೇಕು ಸರಿಯಿತ್ತು, ಸ್ಟೇರಿಂಗ್ ಸರಿಯಿತ್ತು, ಟಯರುಗಳಲ್ಲಿ ಗಾಳಿಯೂ ಸರಿಯಿತ್ತು.

ವರ್ಷವಿಡೀ ಕೂತು ಅವನು ಕಾರನ್ನು ಮೊದಲಿನಂತೆ ಮಾಡಿದ. ಸೀಟು ಬದಲಿಸಿದ, ವೈರಿಂಗ್ ಹೊಸದಾಗಿ ಎಳೆದ. ಆದರೆ ಎಂಜಿನ್ನು ಬಿಸಿಯಾದರೆ ಸಾಕು, ಒಳಗೆ ಆಗತಾನೇ ಕೊಯ್ದ ನಿಂಬೆಯ ವಾಸನೆ. ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಆ ಹಣ್ಣನ್ನು ಬಿಸಾಡಲು ಕೈ ಬಾರದೆ ಗ್ಯಾರೇಜಿನ ನಟ್ಟು-ಬೋಲ್ಟಿನ ಡಬ್ಬಿಯಲ್ಲಿ ಹಾಕಿಟ್ಟಿದ್ದ. ಅಲ್ಲೇ ಒಣಗಿ ಕಪ್ಪಾಗಿ ಕಲ್ಲಾಯಿತು. ಎರಡು ತಿಂಗಳ ಹಿಂದೆ ಕರೀಮಾಬಿ ಊಟದ ಡಬ್ಬಿ ತಂದವಳು ಅದನ್ನೆತ್ತಿ, “ಇದೇನೋ?” ಎಂದಿದ್ದಳು. “ದೃಷ್ಟಿಗೆ ಇಟ್ಟೀನ್ರಿ ಚಾಚಿ,” ಎಂದಿದ್ದ. ಅವಳು ತಿರುಗಿಸಿ, ಎಲ್ಲೂ ಸೀಳಿಲ್ಲದ್ದನ್ನು ನೋಡಿ, ಮೂಸಿ ಇಟ್ಟು ಹೋದಳು. ವಾರದ ಮೇಲೆ ಅದು ಡಬ್ಬಿಯಲ್ಲಿರಲಿಲ್ಲ. ಇಲಿ ಒಯ್ದಿರಬೇಕು ಎಂದುಕೊಂಡ. ಸಮಾಧಾನವೇನೂ ಆಗಲಿಲ್ಲ.

ಈ ಸಲ ಕಾರು ಓಡಲೇಬೇಕೆಂದು ಹಟ ಹಿಡಿದವಳು ಕರೀಮಾಬಿಯೇ.

ಅವನು ಸೀಟಿನಲ್ಲಿ ಕೂತ. ಕೀಲಿ ಹಾಕುವ ಮೊದಲೇ ನಿಂಬೆಯ ವಾಸನೆ ಮೂಗಿಗೆ ಅಡರಿತು. ಅವಳು ಹಿಂದಿನ ಎರಡು ಗಾಲಿಗೆ ಇಟ್ಟಳು, ಮುಂದೆ ಬಲಕ್ಕೆ ಇಟ್ಟಳು. ಎಡಕ್ಕೆ ಬಂದು ಬಗ್ಗಿದವಳು ಹೊಗೆಯಲ್ಲಿ ಕಾಣದಾದಳು. ತುಂಬ ಹೊತ್ತಾದ ಮೇಲೆ ಎದ್ದು ಕೈಬೀಸಿದಳು. ಅವನು ಕ್ಲಚ್ಚನ್ನು ಮೆಲ್ಲಗೆ ಬಿಟ್ಟ.

ಪಚ್. ಪಚ್. ಪಚ್.

ಕಾರು ಹೊರಡುವ ಗೆರೆಗೆ ಬಂದು ನಿಂತಿತು. ಅವನು ಕಿವಿಯೊಡ್ಡಿ ಕಾದ. ಕನ್ನಡಿಯಲ್ಲಿ ಕರೀಮಾಬಿ ಬಗ್ಗಿ ಏನನ್ನೋ ಎತ್ತಿಕೊಂಡದ್ದು ಕಂಡಿತು. ಕಿಟಕಿಯ ಹತ್ತಿರ ಬಂದಾಗ ಅವಳ ಬಲಗೈ ಸೆರಗಿನ ಒಳಗೆ ಮುಷ್ಟಿಯಾಗಿತ್ತು.

“ಚಾಚಿ, ನಾಲ್ಕೂ ಒಡದಾವನ್ರಿ?”

“ಒಡದಾವ,” ಎಂದಳು. ಅವನ ಕಡೆ ನೋಡಲಿಲ್ಲ. “ಹೋಗು.”

ಅದೇ ಮಾತು. ತಾನು ಹೇಳಿದ್ದೂ ಹೀಗೆಯೇ ಇತ್ತೆಂದು ಅವನಿಗೆ ನೆನಪಾಯಿತು.

“ಏನಪಾ ಆನಂದ, ಹೊಗಿ ನೋಡಿ ಅಂಜಿದೇನು?” ಪಕ್ಕದ ಕಾಂಟೆಸಾದಿಂದ ಬಸವಂತರಾಯ ನಕ್ಕ. “ಮನಿಗಿ ಹೋಗಿ ಚಾ ಕುಡದು ಮಲ್ಕೋ ನಡಿ.”

ಅಂಬಪ್ಪ ಟವೆಲ್ ಎತ್ತಿದ. ಮುಂದಿನ ಸುಣ್ಣದ ಗೆರೆ ಹೊಗೆಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. ಕಾಲುವೆಯ ನೀರಿನ ಸಪ್ಪಳ ಮಾತ್ರ ಎಡಕಿವಿಗೆ ಹತ್ತಿರ ಹತ್ತಿರ ಬಂದಂತಾಯಿತು. ಆನಂದಕುಮಾರನಿಗೆ ಸಾಯುವ ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಟವೆಲ್ ಇಳಿಯಿತು. ಕಾಂಟೆಸಾ ಒಂಟಿಯಾಗಿ ಹೊಗೆ ಸೀಳಿಕೊಂಡು ಹೋಯಿತು. ಅವನು ಕೀಲಿ ತಿರುವಿ ಹೊರಕ್ಕೆ ತೆಗೆದ.

ಎಂಜಿನ್ನು ನಿಲ್ಲಲಿಲ್ಲ.

ಕೀಲಿ ಕೈಯಲ್ಲಿತ್ತು, ಎಂಜಿನ್ನು ಗಡಗಡ ಓಡುತ್ತಲೇ ಇತ್ತು. ಅವನು ಬಾಗಿಲು ತೆರೆದು ಕೆಳಗಿಳಿದ. ಖಾಲಿ ಸೀಟು ಯಾರೋ ಕೂತು ಎಕ್ಸಿಲರೇಟರ್ ತುಳಿಯುತ್ತಿದ್ದಂತೆ ನಡುಗುತ್ತಿತ್ತು.

“ಚಾಚಿ, ಮೂರ ಒಡದಾವ. ನಾ ಕೇಳೀನಿ.”

“ನನ್ನ ಮಾತು ನಂಬಲಿಲ್ಲೇನು?”

“ಹೋದ ವರ್ಷನೂ ಮೂರ ಒಡದಿದ್ವು. ನಾ ಉಸ್ತಾದರಿಗೆ ಸುಳ್ಳು ಹೇಳಿದೆ. ಶಾಲಿನ ಆಸಿಗಿ ಹೇಳಿದೆ, ಚಾಚಿ.”

ಆಗ ಎಂಜಿನ್ನು ನಿಂತಿತು.

ಹೊಗೆಯ ಆಚೆಯಿಂದ ಗೆದ್ದ ಕಾರಿನ ಹಾರ್ನು ಕೇಳಿಸಿತು. ಜನ ಅತ್ತ ಓಡಿದರು. ಕರೀಮಾಬಿ ಸೆರಗಿನಿಂದ ಮುಷ್ಟಿ ಹೊರತೆಗೆದು ಬಿಡಿಸಿದಳು. ಅಂಗೈಯಲ್ಲಿ ಡಬ್ಬಿಯಿಂದ ಮಾಯವಾಗಿದ್ದ ಆ ಕಪ್ಪು ಹಣ್ಣಿತ್ತು. ಅವನು ಕೊಟ್ಟ ನಾಲ್ಕನೆಯ ಹಸಿ ಹಣ್ಣು ಅವಳ ಸೆರಗಿನ ತುದಿಯಲ್ಲಿ ಗಂಟಾಗಿ ಜೋತಾಡುತ್ತಿತ್ತು.

“ನೀನೇ ಬಾಯಿಬಿಟ್ಟು ಹೇಳ್ತಿ ಅಂತ ಎರಡು ತಿಂಗಳು ದಾರಿ ಕಾದೆ, ಬೇಟಾ.”

“ನಾ ಹೋಗಿಬಿಟ್ಟಿದ್ರ, ಚಾಚಿ?”

“ಹೋಗು ಅಂದಿದ್ದೆನಲ್ಲ,” ಎಂದಳು ಕರೀಮಾಬಿ.

ಅವಳು ಕಪ್ಪು ಹಣ್ಣನ್ನು ಬಾನೆಟ್ಟಿನ ಮೇಲಿಟ್ಟು, ಸೆರಗು ತಲೆಗೆಳೆದುಕೊಂಡು ಕಾಲುವೆಯ ಕಡೆ ನಡೆದಳು. ಹೊಗೆ ಅವಳ ಕಾಲುಗಳನ್ನು ಮುಚ್ಚಿತು. ಆನಂದಕುಮಾರ ಕೀಲಿ ಹಿಡಿದುಕೊಂಡು ಅಲ್ಲೇ ನಿಂತ. ಎಂಜಿನ್ನು ನಿಂತು ಎಷ್ಟೋ ಹೊತ್ತಾಗಿತ್ತು. ಬಾನೆಟ್ಟಿನ ಮೇಲೆ ಆ ಹಣ್ಣು ಇನ್ನೂ ಸಣ್ಣಗೆ ನಡುಗುತ್ತಿತ್ತು.