ಆಮೆಗೆ ಹಾಕಿದ ಮಣೆ

"ಕ್ಷಮಿಸಿ ಗೆಳೆಯರೇ, ಈ ಬಾಗಿಲು ಚಿನ್ನದ ಗೊಂಬೆಗಳಿಗೆ ಮಾತ್ರ," ಎಂದಿತು ಟಿವಿ, ಮೂರನೆಯ ಸಲ.

ಗುರುಸಿದ್ದಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಯನ್ನೇ ನೋಡಿದರು. ಅವರ ಆಮೆ ಛತ್ರದ ಹೊಸ್ತಿಲಲ್ಲಿ ನಿಂತಿತ್ತು. ಮಗನ ನವಿಲನ್ನು ಬಾಗಿಲು ಒಳಗೆ ಬಿಟ್ಟಿತ್ತು, ಮೊಮ್ಮಗಳ ನರಿಯನ್ನೂ ಬಿಟ್ಟಿತ್ತು. ಒಳಗೆ ಉದ್ದಕ್ಕೆ ಎಲೆ ಹಾಕಿ ಲಾಡು ಬಡಿಸುತ್ತಿದ್ದದ್ದು ಹೊರಗಿನಿಂದಲೇ ಕಾಣುತ್ತಿತ್ತು.

"ನಾನೇನಾರ ತಪ್ಪು ಒತ್ತಿದ್ನಾ ಕುಸುಮಾ?" ಎಂದು ಸೊಸೆಯನ್ನು ಕೇಳಿದರು.

"ಇಲ್ಲ ಅತ್ತೆ, ಸರಿಯಾಗೇ ಒತ್ತಿದ್ದೀರಿ," ಎಂದಳು ಹಿಂದೆ ಕುರ್ಚಿಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದ ಕುಸುಮಾ.

ಆಟದ ಹೆಸರು 'ಹಬ್ಬದೂರು'. ಮೂರು ಗೊಂಬೆ, ಒಂದು ಹೊಳೆಯುವ ದುಂಡನೆಯ ತಟ್ಟೆ. ತಟ್ಟೆಯ ಮೇಲೆ ಗೊಂಬೆ ಇಟ್ಟರೆ ಅದು ಟಿವಿಯೊಳಗೆ ಜೀವ ತಳೆದು ಓಡಾಡುತ್ತದೆ, ತೆಗೆದರೆ ಮಾಯವಾಗುತ್ತದೆ. ಗುರುಸಿದ್ದಮ್ಮ ಆ ತಟ್ಟೆಯನ್ನು ಮೊದಲ ದಿನವೇ 'ಮಣೆ' ಎಂದು ಕರೆದಿದ್ದರು. 'ನನ್ನ ಆಮೆಗೂ ಒಂದು ಮಣೆ ಹಾಕವ್ವ' ಎಂದು ಮೊಮ್ಮಗಳು ದಿವ್ಯಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತವರು, ನಾಲ್ಕು ಸಂಜೆಯಿಂದ ಧಾರಾವಾಹಿಯನ್ನೂ ಮರೆತಿದ್ದರು. ಮೊಬೈಲಿನಲ್ಲಿ ಹಸಿರು ಗುಂಡಿ ಯಾವುದು ಕೆಂಪು ಯಾವುದು ಎಂದು ಇನ್ನೂ ಕೇಳುವ ಎಪ್ಪತ್ತೆರಡರ ಹೆಂಗಸು ಇಲ್ಲಿ ಎರಡು ಗುಂಡಿ ಕಲಿತಿದ್ದರು. ಒಂದು ಎತ್ತಲು, ಒಂದು ಇಳಿಸಲು. ಆಮೆ ನಿಧಾನ, ಆದರೆ ಹೊರೆ ಹೊರುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಹಬ್ಬದ ಅಡುಗೆಗೆ ಬೇಕಾದ ಸೌದೆಯಲ್ಲಿ ಮುಕ್ಕಾಲು ಪಾಲು ಅದು ಹೊತ್ತದ್ದೇ. ನರಿ ಕುಣಿದಾಡಿತ್ತು, ನವಿಲು ಗರಿ ಬಿಚ್ಚಿತ್ತು, ಅಷ್ಟೇ.

ಈಗ ಊಟದ ಹೊತ್ತಿಗೆ ಆಮೆ ಹೊರಗೆ.

ಮಗ ಪ್ರಸಾದ್ ಆಟದ ಪೆಟ್ಟಿಗೆಯನ್ನು ತಿರುಗಿಸಿ ಮೊಬೈಲ್ ಟಾರ್ಚ್ ಬಿಟ್ಟು ಓದಿದ. ಮೇಲೆ ಬೆರಳುದ್ದದ ಅಕ್ಷರದಲ್ಲಿ 'ಮನೆಮಂದಿಗೆಲ್ಲ ಒಂದೇ ಆಟ' ಎಂದಿತ್ತು. ತಳದಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಇನ್ನೊಂದಿತ್ತು. "ಹಬ್ಬದ ಛತ್ರಕ್ಕೆ ಚಿನ್ನದ ಆಮೆ ಪ್ರತ್ಯೇಕವಾಗಿ ಲಭ್ಯ, ಅಂತೈತೆ ಕಣೆ. ನಮ್ಮದು ಮಾಮೂಲಿ ಆಮೆ. ನರಿ, ನವಿಲು ಎರಡೂ ಚಿನ್ನದವು."

ದಿವ್ಯಳಿಗೆ ಒಳಗಿನ ಲಾಡು ಕಾಣುತ್ತಿತ್ತು. "ಅಜ್ಜಿ, ನೀನು ಆಚೆನೇ ಇರು. ನಾವು ಉಂಡ್ಕಂಡು ಬರ್ತೀವಿ," ಎಂದಳು.

ಮಗು ಹೇಳಿದ್ದರಲ್ಲಿ ವಿಷವಿರಲಿಲ್ಲ, ಆಟ ಹೇಳಿಕೊಟ್ಟದ್ದನ್ನೇ ಹೇಳಿತ್ತು. ಆದರೆ ಆ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಗುರುಸಿದ್ದಮ್ಮನ ಗಂಡ ಸಿದ್ದಣ್ಣ ಬದುಕಿದ್ದಷ್ಟು ಕಾಲ ಮಠದ ದಾಸೋಹದಲ್ಲಿ ಬಡಿಸಲು ನಿಂತವರು. ಅವರು ಪಂಕ್ತಿಯ ಮೊದಲಿನಿಂದ ಬಡಿಸುತ್ತಿರಲಿಲ್ಲ, ಕೊನೆಯ ಎಲೆಯಿಂದ ಶುರುಮಾಡುತ್ತಿದ್ದರು. ಸಂಕೋಚದವರು ಕೂರುವುದು ಕೊನೆಯಲ್ಲೇ ಎಂಬುದು ಅವರ ಲೆಕ್ಕ. ಈಗಲೂ ಮನೆಯಲ್ಲಿ ಕೊನೆಯ ತಟ್ಟೆಗೆ ಅನ್ನ ಬೀಳುವವರೆಗೆ ಯಾರೂ ಕೈ ಕಲಸುವುದಿಲ್ಲ.

"ಹೂಂ, ಹೋಗ್ಬನ್ನಿ," ಎಂದ ಗುರುಸಿದ್ದಮ್ಮ ಆಮೆಯನ್ನು ತಟ್ಟೆಯಿಂದ ಎತ್ತಿ, ಸೆರಗಿನಿಂದ ಒರೆಸಿ, ಪೆಟ್ಟಿಗೆಯೊಳಗೆ ಇಟ್ಟರು. ಮಂಡಿ ಹಿಡಿದುಕೊಂಡು ಎದ್ದರು. "ಸೌದೆ ಹೊರಿಸ್ಕಂಡು, ಮಣೆ ಮ್ಯಾಲೆ ಕೂರಿಸಿ, ಬಡ್ಸೋ ಹೊತ್ಗೆ ಏಳು ಅನ್ನದು. ಇದ್ನ ಆಟ ಅಂತಾರೇನವ್ವ?" ದನಿ ಏರಲಿಲ್ಲ. ಸೀದಾ ಅಡುಗೆಮನೆಗೆ ಹೋದರು.

ಕುಸುಮಾಳಿಗೆ ಸಿಟ್ಟು ನೆತ್ತಿಗೇರಿತು. ಆಟ ಮಾಡಿದವರ ಮೇಲೆ ಎಷ್ಟೋ, ತನ್ನ ಮೇಲೂ ಅಷ್ಟೇ. ಯಾಕೆಂದರೆ ಆ ಪೆಟ್ಟಿಗೆ ಅವಳ ಮನೆಗೆ ಬಂದದ್ದು ತೀರ್ಪಿಗಾಗಿ. ಮಡಿಕೇರಿಯ ಪತ್ರಿಕೆಯೊಂದರ ಭಾನುವಾರದ ಪುಟದಲ್ಲಿ ಅವಳು ಆರು ವರ್ಷದಿಂದ 'ಮಕ್ಕಳ ಕೈಗೆ ಕೊಡುವ ಮುನ್ನ' ಎಂಬ ಅಂಕಣ ಬರೆಯುತ್ತಿದ್ದಳು. ಅವಳೂರು ಸೋಮವಾರಪೇಟೆಯ ತಾಯಂದಿರು ಬುಗುರಿ ಕೊಳ್ಳಬೇಕಾದರೂ 'ಕುಸುಮಕ್ಕ ಏನು ಬರೆದಿದ್ದಾರೆ' ಎಂದು ನೋಡುತ್ತಿದ್ದರು. ಅವಳಿಗಿದ್ದ ಆಸ್ತಿ ಅದೊಂದೇ, ಆ ನಂಬಿಕೆ. ಆದರೆ ಎರಡನೆಯ ಸಂಜೆ, ಅತ್ತೆ ಮೊಮ್ಮಗಳ ಹೆಗಲು ಹಿಡಿದು ನಕ್ಕದ್ದನ್ನು ನೋಡಿ, ಮನಸ್ಸು ತುಂಬಿ, ಅಂದೇ ಬರೆದು ಕಳಿಸಿಬಿಟ್ಟಿದ್ದಳು. ನಾಲ್ಕು ಸ್ಟಾರ್ ಕೊಟ್ಟಿದ್ದಳು. ಅನ್ನ ಬೆಂದಿದೆಯೇ ನೋಡಲು ಒಂದಗುಳು ಸಾಕು ಅನ್ನುತ್ತಾರೆ. ತಳ ಹಿಡಿದಿದೆಯೇ ಎನ್ನುವುದು ಒಂದಗುಳಿನಲ್ಲಿ ತಿಳಿಯುವುದಿಲ್ಲ.

ಕೂಡಲೇ, ಪತ್ರಿಕೆಯಲ್ಲಿ ಆ ಪುಟ ನೋಡಿಕೊಳ್ಳುವ ಚೇತನ್‌ಕುಮಾರನಿಗೆ ಫೋನ್ ಮಾಡಿದಳು.

"ಆ ಲೇಖನ ನಿಲ್ಲಿಸಿ. ನಾಳೆ ಬೆಳಿಗ್ಗೆ ಬೇರೆ ಕಳಿಸ್ತೀನಿ."

"ಮೇಡಂ, ಪುಟ ಆಗಿಹೋಗಿದೆಯಲ್ಲ."

"ಭಾನುವಾರದ ಪುಟ ಗುರುವಾರ ಸಂಜೆಗೇ ಆಗುತ್ತಾ? ಹೋದ ತಿಂಗಳು ಶನಿವಾರ ಮಧ್ಯಾಹ್ನ ಒಂದು ಸಾಲು ತಿದ್ದಿಸಿದ್ದೆ."

"ನೋಡಿ ಮೇಡಂ, ಕೆಳಗಡೆ ಆ ಆಟದವರದ್ದೇ ಜಾಹೀರಾತಿದೆ. ಅರ್ಧ ಪುಟ. ಮೇಲೆ ನೀವು ಬೈದು, ಕೆಳಗೆ ಅವರು ಹೊಗಳಿಕೊಂಡ್ರೆ ಚೆನ್ನಾಗಿರುತ್ತಾ? ಒಂದು ಗೊಂಬೆ ವಿಷಯ. ಬೇಕಾದವರು ಕೊಳ್ತಾರೆ, ಬೇಡದವರು ಬಿಡ್ತಾರೆ."

"ಒಂದು ಗೊಂಬೆ ವಿಷಯ ಅಲ್ಲ. ಮನೆಮಂದಿಗೆಲ್ಲ ಅಂತ ಕರೆದು, ಮನೆಯ ಹಿರೀಕರನ್ನ ಬಾಗಿಲಲ್ಲಿ ನಿಲ್ಲಿಸ್ತದೆ. ನನ್ನ ಮಗಳ ಬಾಯಲ್ಲೇ ಆಚೆ ಇರು ಅನ್ನಿಸ್ತು."

"ಅದೆಲ್ಲ ಭಾವನೆ ಮೇಡಂ. ಓದುಗರಿಗೆ ಗ್ರಾಫಿಕ್ಸು, ಭಾಷೆ, ಅದು ಬೇಕು. ಕನ್ನಡದಲ್ಲಿ ಮಾತಾಡುವ ಆಟ ಅಂತ ನೀವೇ ಬರೆದಿದ್ದೀರಲ್ಲ."

"ಕನ್ನಡದಲ್ಲೇ ಹೊರಗೆ ಹಾಕ್ತದೆ, ಅಷ್ಟೇ ವ್ಯತ್ಯಾಸ. ಹೊಸದು ಹಾಕಿ. ಇಲ್ಲ, ನನ್ನ ಹೆಸರು ತೆಗೀರಿ."

"ಹೆಸರು ತೆಗೆದ್ರೆ ಮುಂದಕ್ಕೆ ಅಂಕಣ ನಡೆಸೋದು ಕಷ್ಟ ಆಗುತ್ತೆ. ಯೋಚನೆ ಮಾಡಿ ಹೇಳಿ."

"ಮಾಡಾಯ್ತು," ಎಂದು ಇಟ್ಟಳು. ಆರು ವರ್ಷದ ಕೆಲಸ ಎರಡು ನಿಮಿಷದಲ್ಲಿ ಹೋಗಿತ್ತು. ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ತಟ್ಟುವ ಸದ್ದು ಎಂದಿನಂತೆಯೇ ಇತ್ತು.

ಭಾನುವಾರ ಪತ್ರಿಕೆ ಬಂತು. ಹೆಸರು ತೆಗೆದಿದ್ದರು. ಆ ಜಾಗದಲ್ಲಿ 'ನಮ್ಮ ಪ್ರತಿನಿಧಿಯಿಂದ' ಎಂದಿತ್ತು. ಉಳಿದದ್ದೆಲ್ಲ ಅವಳದೇ, ಅಲ್ಪವಿರಾಮ ಸಹಿತ. ಅಷ್ಟು ಸಾಲದೆಂದು 'ಅಜ್ಜಿಯೂ ಮೊಮ್ಮಗಳೂ ಒಂದೇ ಸಾಲಿನಲ್ಲಿ ಕೂತು ಆಡುವ ಆಟ' ಎಂಬ ಅವಳ ವಾಕ್ಯವನ್ನು ಕಿತ್ತು ನಡುವೆ ದಪ್ಪಕ್ಷರದಲ್ಲಿ ಹಾಕಿದ್ದರು. ನಾಲ್ಕು ಸ್ಟಾರ್ ಹಾಗೇ ಮಿನುಗುತ್ತಿದ್ದವು. ಕೆಳಗೆ ಅರ್ಧ ಪುಟದಲ್ಲಿ ಚಿನ್ನದ ಆಮೆ ನಗುತ್ತಿತ್ತು.

"ಕಳ್ಳ ನನ್ಮಕ್ಳು," ಎಂದ ಪ್ರಸಾದ್. ಆ ವಾಕ್ಯ ಬರೆದಾಗ ಅದು ನಿಜವಾಗಿತ್ತು ಎನ್ನುವುದೇ ಕುಸುಮಾಳನ್ನು ಹೆಚ್ಚು ಸುಡುತ್ತಿತ್ತು. ಹಗಲೆಲ್ಲ ಫೋನುಗಳು ಬಂದವು. 'ಹೆಸರಿಲ್ಲ, ಆದ್ರೂ ನೀವೇ ಬರೆದಿದ್ದು ಅಂತ ಗೊತ್ತಾಯ್ತು ಅಕ್ಕ, ತರಿಸ್ತೀವಿ' ಎಂದು ಇಬ್ಬರು ಹೇಳಿದರು. ದಿವ್ಯ ಟಿವಿ ಹಾಕಲಿಲ್ಲ. ಅಜ್ಜಿ ಬಯ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅಜ್ಜಿ ಬಯ್ದಿರಲಿಲ್ಲ.

ಸೋಮವಾರ ಸಂತೆ. ಸಂತೆಯ ದಿನ ಪ್ರಸಾದನ ಅಂಗಡಿಯ ಮುಂದೆ ಬೆಳಿಗ್ಗೆ ಎಂಟಕ್ಕೇ ಜನ. ಕಾಫಿ, ಮೆಣಸು, ಏಲಕ್ಕಿ ಕೊಳ್ಳುವ ಅಂಗಡಿ ಅದು. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಅಂದಿನ ಧಾರಣೆ ಬರೆದಿರುತ್ತಾನೆ. ಬಸ್ಸಿಳಿದವರು ಮೊದಲು ನೋಡುವುದು ಆ ಹಲಗೆಯನ್ನು, ಆಮೇಲೆ ದೇವಸ್ಥಾನದ ಗೋಪುರವನ್ನು. ಪ್ರಸಾದ್ ಧಾರಣೆ ಬರೆದು ಮುಗಿಸಿ ಸೀಮೆಸುಣ್ಣ ಕೆಳಗಿಡುವಾಗ ಕುಸುಮಾ ಕೈ ಚಾಚಿದಳು.

"ಏನೇ?"

"ಕೆಳಗೆ ಜಾಗ ಐತಲ್ಲ, ಕೊಡಿ."

"ಧಾರಣೆ ಬೋರ್ಡು ಕಣೆ ಇದು. ಜನ ಏನಂದಾರು?"

"ಅಪ್ಪನ ಕಾಲದಿಂದ ಈ ಬೋರ್ಡಲ್ಲಿ ಸುಳ್ಳು ಬರ್ದಿಲ್ಲ ಅಂತ ಹೇಳ್ಕಂಡು ತಿರುಗೋರು ನೀವಲ್ವಾ?"

ಪ್ರಸಾದ್ ಒಮ್ಮೆ ಒಳಗೆ ಗಲ್ಲಾಪೆಟ್ಟಿಗೆಯ ಪಕ್ಕ ಕೂತಿದ್ದ ಅವ್ವನನ್ನು ನೋಡಿದ. ಸೀಮೆಸುಣ್ಣ ಕೊಟ್ಟ. ಏಲಕ್ಕಿಯ ಸಾಲಿನ ಕೆಳಗೆ ಗೆರೆ ಎಳೆದು ಕುಸುಮಾ ಬರೆದಳು:

'ಹಬ್ಬದೂರು ಎಂಬ ಗೊಂಬೆ ಆಟ. ಮನೆಮಂದಿಗೆಲ್ಲ ಅಲ್ಲ. ಸೌದೆ ಹೊರಿಸಿಕೊಂಡು ಊಟದ ಹೊತ್ತಿಗೆ ಎಬ್ಬಿಸಿ ಕಳಿಸುತ್ತದೆ. ನಾಲ್ಕು ಸ್ಟಾರ್ ಕೊಟ್ಟವಳು ನಾನೇ. ವಾಪಸ್ ತೆಗೆದುಕೊಂಡಿದ್ದೇನೆ. ಕುಸುಮಾ ಪ್ರಸಾದ್.'

ಜನ ಓದಿದರು. ಕೆಲವರು ಅರ್ಥವಾಗದೆ ಮೆಣಸಿನ ಸಾಲಿಗೆ ಮರಳಿದರು. ಒಂದಿಬ್ಬರು ನಕ್ಕರು. ನಿವೃತ್ತ ಮೇಷ್ಟ್ರು ನಂಜಪ್ಪ ಮಾತ್ರ ಛತ್ರಿಯ ಮೇಲೆ ಭಾರ ಬಿಟ್ಟು ಎರಡು ಸಲ ಗಟ್ಟಿಯಾಗಿ ಓದಿದರು.

"ನೆನ್ನೆ ಪೇಪರ್ ನೋಡಿ ಮೊಮ್ಮಕ್ಕಳಿಗೆ ತರೋಣ ಅಂತಿದ್ದೆ ಕಣಮ್ಮ. ಅದೂ ನಿಂದೇ ಬರಹ, ಇದೂ ನಿಂದೇ. ಯಾವ್ದನ್ನ ನಂಬ್ಲಿ?"

"ಇದನ್ನ ಮೇಷ್ಟ್ರೆ. ಅದು ಪೂರ್ತಿ ಆಡ್ದೆ ಬರೆದದ್ದು. ತಪ್ಪು ನನ್ನದೇ."

ಮೇಷ್ಟ್ರು ಮತ್ತೆ ಹಲಗೆಯ ಕಡೆ ತಿರುಗಿದರು. "ಯಾರನ್ನ ಎಬ್ಬಿಸಿ ಕಳಿಸ್ತಮ್ಮ ಅದು?"

ಒಳಗಿನಿಂದ ಗುರುಸಿದ್ದಮ್ಮ, "ನನ್ನೇ ಕಣ್ರಪ್ಪ," ಎಂದರು. "ಬನ್ನಿ, ಒಳೀಕೆ ಕೂತ್ಕಳ್ಳಿ. ಕಾಫಿ ಬತ್ತೈತೆ."

ಶಾಲೆ ಬಿಟ್ಟ ಮೇಲೆ ದಿವ್ಯ ಅಂಗಡಿಗೆ ಬಂದಳು. ಬ್ಯಾಗು ಇಳಿಸದೆಯೇ ಹಲಗೆಯ ಮುಂದೆ ನಿಂತು ಓದಿದಳು, ಬೆರಳಿಟ್ಟು, ಸಾಲು ಸಾಲಾಗಿ. ಯಾರೂ ಅವಳನ್ನು ಮಾತಾಡಿಸಲಿಲ್ಲ, ಸಂತೆಯ ಗದ್ದಲದಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಸಂತೆ ಕರಗಿತು. ಪ್ರಸಾದ್ ಒದ್ದೆ ಬಟ್ಟೆ ಹಿಂಡಿಕೊಂಡು ಹಲಗೆ ಒರೆಸಲು ಬಂದ. ಕಾಫಿ ಒರೆಸಿದ, ಮೆಣಸು ಒರೆಸಿದ, ಏಲಕ್ಕಿ ಒರೆಸಿದ. ಹೆಂಡತಿ ಎಳೆದ ಗೆರೆಯ ಹತ್ತಿರ ಬಟ್ಟೆ ನಿಂತಿತು. ಅವಳ ಹೆಸರಿನ ಕೆಳಗೆ, ಬೆಳಿಗ್ಗೆ ಇಲ್ಲದಿದ್ದ ಒಂದು ಆಮೆ ಇತ್ತು. ಸೀಮೆಸುಣ್ಣದ್ದು, ಕಾಲು ಒಂದು ಉದ್ದ ಒಂದು ಗಿಡ್ಡ. ಅದು ಮಣೆಯ ಮೇಲೆ ಕೂತಿತ್ತು. ಮುಂದೆ ಒಂದು ಬಾಳೆ ಎಲೆ, ಎಲೆಯ ತುಂಬ ಲಾಡು. ನರಿ ಪಕ್ಕದಲ್ಲಿ ಸೌಟು ಹಿಡಿದು ನಿಂತಿತ್ತು.

ಅವನು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಅಷ್ಟನ್ನು ಹಾಗೇ ಬಿಟ್ಟು, ಬಾಗಿಲು ಎಳೆದುಕೊಂಡ.