ಕೆಮ್ಮಿಲ್ಲದವನ ಕೆಮ್ಮಿನ ಗುಳಿಗೆ

ನಮ್ಮ ಕಂಡಕ್ಟರನ ಗಂಟಲೆಂದರೆ ಗಂಟಲು. ಹಿಂದಿನ ಬಾಗಿಲಲ್ಲಿ ನಿಂತು "ಮುಂದೆ ಹೋಗಿ ಸ್ವಾಮೀ" ಎಂದರೆ ಡ್ರೈವರ್ ಕೂಡ ಸೀಟಿನಲ್ಲಿ ಮುಂದೆ ಸರಿಯಬೇಕು. ಅಂಥ ಗಂಟಲು ಔಷಧಿ ಅಂಗಡಿ ಮುಂದೆ ಮಾತ್ರ ಕಟ್ಟಿಹೋಗುತ್ತಿತ್ತು. ಕಾಂಡೋಮ್ ತರಲೆಂದು ಹೋಗುವುದು, ಪಕ್ಕದಲ್ಲಿ ಯಾರಾದರೂ ಪರಿಚಯದವರು ನಿಂತಿರುವುದು, "ಕೆಮ್ಮಿನ ಗುಳಿಗೆ ಕೊಡಿ" ಎಂದುಬಿಡುವುದು. ಕೆಮ್ಮೇ ಇಲ್ಲದ ಮನೆಯಲ್ಲಿ ಡಬ್ಬಿ ತುಂಬ ಕೆಮ್ಮಿನ ಗುಳಿಗೆ.

ಎರಡು ಮಕ್ಕಳು ಸಾಕೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಮುಟ್ಟು ನಿಂತಾಗ ಅವಳು ಬೈಯಲಿಲ್ಲ, ಅಳಲೂ ಇಲ್ಲ. ಆ ಡಬ್ಬಿ ತಂದು ಅವನ ತಟ್ಟೆಯ ಪಕ್ಕ ಇಟ್ಟಳು. ಅವನು ತಟ್ಟೆ ಬದಿಗೆ ಸರಿಸಿದ.

"ಯಾರಿಗೂ ಗೊತ್ತಾಗೋದು ಬೇಡ. ಎಲ್ಲಾದ್ರೂ ಮಾತ್ರೆ ತಂದು ಕೊಡ್ತೀನಿ, ನುಂಗಿಬಿಡು," ಎಂದ.

"ನೀವು ತರೋದಾ? ಮತ್ತೆ ಕೆಮ್ಮಿನ ಗುಳಿಗೇನೇ ತರ್ತೀರಿ. ನನ್ನ ಜತೆ ಹೊಲಿಯೋಳು ಯಾರೋ ಕೊಟ್ಟದ್ದು ನುಂಗಿ, ರಕ್ತ ಹೋಗಿ, ಸಾಯೋದೊಂದು ಬಾಕಿ ಇತ್ತು. ನಾನು ದೊಡ್ಡಾಸ್ಪತ್ರೆಗೇ ಹೋಗೋದು. ನೀವೂ ಬರ್ಬೇಕು."

ಹೋದ. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಬೆಂಚಿನ ತುದಿಯಲ್ಲಿ ಕಳ್ಳನ ಹಾಗೆ ಕೂತ. ಇಲ್ಲಿಗೆ ಬರುವವರೆಲ್ಲ ದಾರಿ ತಪ್ಪಿದವರು ಎಂದೇ ಅವನು ಕೇಳಿದ್ದು. ನೋಡಿದರೆ, ಕಂಕುಳಲ್ಲಿ ಕೂಸಿದ್ದ ತಾಯಿ, ಬ್ಯಾಂಕಿನ ಗುರುತಿನ ಚೀಟಿ ಕೊರಳಲ್ಲೇ ಇದ್ದ ಹೆಂಗಸು, ಅಮ್ಮನ ಕೈ ಹಿಡಿದ ಕಾಲೇಜು ಹುಡುಗಿ, ತಲೆ ನರೆತ ಗೃಹಿಣಿ. ಎಲ್ಲ ಅವನ ಬಸ್ಸಿಗೆ ಹತ್ತುವಂಥವರೇ. ಗಂಡಸು ಅಂತ ಇದ್ದವನು ಅವನೊಬ್ಬನೇ.

ನರ್ಸಕ್ಕ ಇಬ್ಬರನ್ನೂ ಒಳಗೆ ಕರೆದಳು. "ಬೇಗ ಬಂದಿರಿ, ಒಳ್ಳೇದಾಯ್ತು. ತಡ ಆದಷ್ಟೂ ಕಷ್ಟ. ಗೊತ್ತುಮಾಡಿದ ವಾರಗಳೊಳಗೆ ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ ಇದೆ. ವಿಷಯ ಈ ಬಾಗಿಲು ದಾಟಲ್ಲ."

ಹೆಂಡತಿ ಅಳುಕುತ್ತ ಕೇಳಿದಳು, "ನಾನು ಮಕ್ಕಳಾಗದ ಆಪರೇಶನ್ ಮಾಡಿಸ್ಕೊಂಡ್ರೆ ಮಾತ್ರ ತೆಗೀತೀರಂತೆ?"

"ಯಾರಮ್ಮ ಹೇಳಿದ್ದು? ಅಂಥ ಷರತ್ತಿಲ್ಲ. ಗರ್ಭದೊಳಗೆ ಹಾಕೋ ವಂಕಿ ಇದೆ, ಚುಚ್ಚುಮದ್ದಿದೆ, ಮಾತ್ರೆ ಇದೆ. ಯಾವುದು ಬೇಕು ಅಂತ ನೀವೇ ಹೇಳ್ಬೇಕು. ಇಷ್ಟು ದಿನ ಏನು ಬಳಸ್ತಿದ್ರಿ?"

ಹೆಂಡತಿ ಗಂಡನನ್ನು ನೋಡಿದಳು. ಗಂಡ ನೆಲ ನೋಡಿದ.

"ಕೆಮ್ಮಿನ ಗುಳಿಗೆ," ಎಂದ.

ಕತೆ ಕೇಳಿ ನರ್ಸಕ್ಕನಿಗೆ ನಗು ತಡೆಯಲಾಗಲಿಲ್ಲ. ಹೆಂಡತಿ ನಗಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಆಗ ಅವನಿಗೆ ನಿಜವಾದ ನಾಚಿಕೆಯಾಯಿತು. ತನ್ನ ಮಾನ ಉಳಿಸಿಕೊಳ್ಳಲು ಅವಳ ಮೈಯನ್ನು ಅಪಾಯಕ್ಕೆ ಒಡ್ಡಿದ್ದ.

"ಗಂಡಸರಿಗೂ ಆಪರೇಶನ್ ಇದೆಯಂತಲ್ಲಕ್ಕಾ. ಮಾಡಿಸ್ಕೊಂಡ್ರೆ ದಿನವಿಡೀ ಬಸ್ಸಲ್ಲಿ ನಿಲ್ಲೋ ಶಕ್ತಿ ಇರುತ್ತಾ?"

"ಶಕ್ತಿ ಎಲ್ಲೂ ಹೋಗಲ್ಲ ಕಣಪ್ಪ. ಅವತ್ತೇ ಮನೆಗೆ ಹೋಗ್ಬಹುದು. ಇನ್ನು ಮಕ್ಕಳು ಬೇಡವೇ ಬೇಡ ಅಂತಿದ್ರೆ ಮಾತ್ರ ಮಾಡಿಸ್ಕೋ. ಆದ್ರೆ ಮೂರು ತಿಂಗಳು ಕಳೆದು, ಪರೀಕ್ಷೆ ಮಾಡಿ ಸರಿಯಾಗಿದೆ ಅನ್ನೋವರೆಗೆ ಕಾಂಡೋಮ್ ಬೇಕೇ ಬೇಕು."

ಆಸ್ಪತ್ರೆಯಲ್ಲೇ ಗರ್ಭಪಾತ ಮಾಡಿಸಿಕೊಂಡ ಹೆಂಡತಿ ಸುಧಾರಿಸಿಕೊಂಡು ಕೆಲಸಕ್ಕೆ ಹೋದಳು. ಅವನ ಆಪರೇಶನ್ನೂ ಆಯಿತು. ಔಷಧಿ ಅಂಗಡಿಗೆ ಹೋದರೆ ಅಲ್ಲಿ ನಿಂತಿದ್ದವರು ಇನ್ಯಾರೂ ಅಲ್ಲ, ಹೆಣ್ಣು ಕೊಟ್ಟ ಮಾವ! ಇವನು ಬಾಯಿಬಿಡುವ ಮೊದಲೇ ಅಂಗಡಿಯವನು ಗುಳಿಗೆ ಎತ್ತಿಕೊಂಡು ಕೇಳಿದ, "ಕೆಮ್ಮು ಇನ್ನೂ ಹೋಗಿಲ್ವಾ?"

ಕಂಡಕ್ಟರನ ಕಿವಿ ಕೆಂಪಾಯಿತು. ಆದರೂ ಬಸ್ಸಿನ ದನಿಯಲ್ಲೇ ಹೇಳಿದ, "ಕೆಮ್ಮಿಲ್ಲ. ಕಾಂಡೋಮ್ ಕೊಡಿ." ಮಾವ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ಅಣ್ಣಂದಿರೇ, ನಿಮ್ಮ ನಾಚಿಕೆಯ ಫಲ ಉಣ್ಣುವವರು ಯಾರೆಂದು ಒಮ್ಮೆ ಕೇಳಿಕೊಳ್ಳಿ. ಅಕ್ಕಂದಿರೇ, ಯಾರೋ ಕೊಟ್ಟದ್ದನ್ನು ನುಂಗಬೇಡಿ, ಪರವಾನಗಿ ಇರುವ ಆಸ್ಪತ್ರೆಗೆ ತಡಮಾಡದೆ ಹೋಗಿ. ಆ ಬೆಂಚಿನಲ್ಲಿ ನಿಮ್ಮಂಥವರೇ ಕೂತಿರುತ್ತಾರೆ. ಪಕ್ಕದಲ್ಲಿ ಗಂಡನಿಗೂ ಜಾಗ ಇದೆ.