ಚಿಕ್ಕವಳ ಗಿಡ

"ಅಮ್ಮಾ, ನೋಡು ನೋಡು, ಕೈ ಮುಗೀತಿದೆ!" ಎಂದು ಚಿಕ್ಕವಳು ಕೂಗಿದಾಗ ದೊಡ್ಡವಳ ಕೈಯಲ್ಲಿ ಯಾರದೋ ಕೆಳದವಡೆಯ ಹಲ್ಲುಗಳಿದ್ದವು.

ಅಮ್ಮ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದಳು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಹೊಸ ಗಿಡ ತನ್ನ ಪಟ್ಟೆಪಟ್ಟೆ ಎಲೆಗಳನ್ನು ನಿಧಾನವಾಗಿ ಮೇಲೆತ್ತಿ ಮಡಿಸಿಕೊಳ್ಳುತ್ತಿತ್ತು. ಎಲೆಗಳ ಅಡಿಭಾಗದ ನೇರಳೆ ಬಣ್ಣ ಸಂಜೆ ಬೆಳಕಿನಲ್ಲಿ ಕಾಣತೊಡಗಿತು. ದಿನಾ ಸಂಜೆ ಅದು ಹಾಗೇ ಮಾಡುತ್ತಿತ್ತು. ದಿನಾ ಸಂಜೆ ಇವರಿಬ್ಬರೂ ಮೊದಲ ಸಲ ನೋಡುವವರ ಹಾಗೆ ಬಾಯಿ ತೆರೆದು ನೋಡುತ್ತಿದ್ದರು.

"ಮಹಾರಾಣಿಗೆ ನಿದ್ದೆ ಬಂತು," ಎಂದಳು ಅಮ್ಮ.

"ಅಕ್ಕಾ, ನೀನೂ ಬಾರೇ. ಆ ಹಲ್ಲು ಎಲ್ಲಿ ಓಡಿಹೋಗುತ್ತೆ?" ಎಂದಳು ಚಿಕ್ಕವಳು.

"ನಾಳೆ ಬೆಳಿಗ್ಗೆ ಕೊಡ್ಬೇಕು. ಯಾರೋ ಪಾಪ ಗಂಜಿ ಕುಡ್ಕೊಂಡು ಕಾಯ್ತಿರ್ತಾರೆ," ಎಂದು ದೊಡ್ಡವಳು ತಲೆ ಎತ್ತದೆ ಹೇಳಿದಳು. ಗುಲಾಬಿ ಮೇಣದ ಒಸಡಿನಲ್ಲಿ ಕೋರೆಹಲ್ಲನ್ನು ಕೂರಿಸಿ, ಬಿಸಿ ಮಾಡಿದ ಪುಟ್ಟ ಚಾಕುವಿನಿಂದ ಸುತ್ತಲೂ ಸವರಿದಳು. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗಿನಿಂದ ದಂತ ಲ್ಯಾಬಿನವರು ಕಟ್ಟುಹಲ್ಲು ಜೋಡಿಸುವ ಈ ಕೆಲಸವನ್ನು ಮನೆಗೇ ಕಳಿಸುತ್ತಿದ್ದರು. ಊಟದ ಮೇಜೇ ಅವಳ ಕಾರ್ಖಾನೆ. ಅಮ್ಮನನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ವಾಕರ್ ಹಿಡಿಸಿ ನಡೆಸುವುದು, ನಡುವೆ ಸಿಕ್ಕಷ್ಟು ಹೊತ್ತಿನಲ್ಲಿ ಹಲ್ಲು. ಅಮ್ಮ ಮೊದಲ ಹೆಜ್ಜೆ ಇಟ್ಟ ದಿನ ಯಾರೂ "ನೋಡು ನೋಡು" ಎಂದು ಕೂಗಿರಲಿಲ್ಲ. ನೋಡುವುದಕ್ಕೆ ಆಗ ಮನೆಯಲ್ಲಿ ಇನ್ನೊಬ್ಬರು ಇರಲೂ ಇಲ್ಲ.

ಆಮೇಲೆ ಚಿಕ್ಕವಳು ಗಂಡನ ಮನೆ ಬಿಟ್ಟು ಎರಡು ಸೂಟ್‌ಕೇಸ್ ಹಿಡಿದು ಬಂದಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಹಿಡಿದಳು. ಮೊದಲ ಸಂಬಳದಲ್ಲಿ ಈ ಗಿಡ ತಂದು ಅಮ್ಮನ ಎದುರಿಗೆ ಇಟ್ಟಳು. "ಎಲ್ಲೋ ಬಿಸಿದೇಶದ ಕಾಡಿನದಂತೆ. ದಿನಾ ಮಾತಾಡಿಸ್ಬೇಕಂತೆ," ಎಂದಳು. ಔಷಧಿ ನುಂಗಿಸುವಾಗ ಮುಖ ಗಂಟಿಕ್ಕುವ ಅಮ್ಮ ಗಿಡದ ಜೊತೆ ಮಾತಾಡತೊಡಗಿದಳು. "ಊಟ ಆಯ್ತಾ?" ಎಂದು ಗಿಡವನ್ನು ಕೇಳುವಳು. ದೊಡ್ಡವಳು ಊಟ ಮಾಡಿದಳೋ ಇಲ್ಲವೋ ಎಂದು ಕೇಳಿದ್ದು ಯಾವಾಗ ಎಂದು ದೊಡ್ಡವಳಿಗೇ ನೆನಪಿರಲಿಲ್ಲ.

ಚಿಕ್ಕವಳು ಗಿಡಕ್ಕೆ ಮನೆಯಲ್ಲೇ ಹೆಚ್ಚು ಬಿಸಿಲು ಬೀಳುವ ಜಾಗ ಕೊಟ್ಟಿದ್ದಳು. ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೋದ ಮೇಲೆ, ಅಮ್ಮನಿಗೆ ಸ್ನಾನ ಮಾಡಿಸಿ ಒಳಕೋಣೆಯಲ್ಲಿ ಮಲಗಿಸಿ ಬಂದ ದೊಡ್ಡವಳು ಕುಂಡವನ್ನು ಎತ್ತಿ ಬಚ್ಚಲಿನ ಮೂಲೆಯಲ್ಲಿಟ್ಟು ಬಾಗಿಲು ಹಾಕಿದಳು. ಬಿಸಿಲಿಲ್ಲದೆ ಗಿಡ ಬದುಕುವುದಿಲ್ಲ ಎನ್ನುವುದಷ್ಟೇ ಗಿಡಗಳ ಬಗ್ಗೆ ಅವಳಿಗೆ ಗೊತ್ತಿದ್ದದ್ದು. ಬಚ್ಚಲಿಗೆ ಇದ್ದದ್ದು ಮೇಲೊಂದು ಮಸುಕು ಗಾಜಿನ ಕಿಂಡಿ ಮಾತ್ರ. ಚಿಕ್ಕವಳು ಬರುವ ಹೊತ್ತಿಗೆ ಕುಂಡ ಮತ್ತೆ ಕಿಟಕಿಯ ಪಕ್ಕದಲ್ಲಿತ್ತು. ಮರುದಿನವೂ ಹಾಗೇ ಮಾಡಿದಳು. ಅದರ ಮರುದಿನ ಮಾಡಬಾರದೆಂದುಕೊಂಡಳು, ಮಾಡಿದಳು.

ವಾರಗಳು ಕಳೆದರೂ ಗಿಡ ಸಾಯಲಿಲ್ಲ. ಕಂದು ತಿರುಗಲು ಶುರುವಾಗಿದ್ದ ಎಲೆಯಂಚುಗಳು ಅಷ್ಟಕ್ಕೇ ನಿಂತವು. ನಡುವಿನಿಂದ ಬೀಡಿಯಂತೆ ಸುರುಳಿ ಸುತ್ತಿಕೊಂಡು ಒಂದು ಹೊಸ ಎಲೆ ಬಂತು, ಅದರ ಹಿಂದೆಯೇ ಇನ್ನೊಂದು. ಬಿಸಿನೀರಿನ ಹಬೆ, ತಂಪು ನೆರಳು: ಆ ಬಚ್ಚಲು ಅದಕ್ಕೆ ತವರುಮನೆಯಾಗಿಬಿಟ್ಟಿತ್ತು. ಇದು ಅರ್ಥವಾದಾಗ ದೊಡ್ಡವಳಿಗೆ ನಗು ಬರಲಿಲ್ಲ. ಒಂದು ಕೆಡುಕನ್ನು ಕೂಡ ನೆಟ್ಟಗೆ ಮಾಡಲು ಬಾರದ ಜನ್ಮ ತನ್ನದು ಎನ್ನಿಸಿತು. ಆದರೂ ಕುಂಡ ಎತ್ತುವುದನ್ನು ಬಿಡಲಿಲ್ಲ. ಯಾಕೆ ಎಂದು ಕೇಳಿದ್ದರೆ ಏನು ಹೇಳುತ್ತಿದ್ದಳೋ.

ಒಂದು ಭಾನುವಾರ ಚಿಕ್ಕವಳ ಅಂಗಡಿಯ ಗೆಳತಿಯರಿಬ್ಬರು ಗಿಡ ನೋಡಲೆಂದೇ ಬಂದರು.

"ನಂದೂ ಇದೇ ಗಿಡ ಕಣೇ, ಇದೇ ನರ್ಸರಿ. ಸುಟ್ಟ ಹಪ್ಪಳ ಆಗೋಗಿದೆ. ಏನ್ ಹಾಕ್ತೀಯ ಇದಕ್ಕೆ?" ಎಂದು ಒಬ್ಬಳು ಕೇಳಿದಳು.

"ಏನಿಲ್ಲಪ್ಪ. ಪ್ರೀತಿ!" ಎಂದು ಚಿಕ್ಕವಳು ಕತ್ತು ಕೊಂಕಿಸಿದಳು.

"ಪ್ರೀತಿ ನಾನೂ ಹಾಕ್ದೆ. ನನ್ನ ಗಂಡನಿಗಿಂತ ಜಾಸ್ತಿನೇ ಹಾಕ್ದೆ."

ಎಲ್ಲರೂ ನಕ್ಕರು. ಅಮ್ಮ ನಗುತ್ತಲೇ, "ಅದು ನಮ್ಮ ಚಿಕ್ಕೋಳ ಕೈಗುಣ," ಎಂದಳು. "ಅವಳು ಮುಟ್ಟಿದ್ದು ಚಿಗುರುತ್ತೆ."

ದೊಡ್ಡವಳು ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದು ಲೋಟ ತುಳುಕಿತು. "ನೋಡ್ಕೊಂಡು ಕಣೇ," ಎಂದಳು ಅಮ್ಮ. ದೊಡ್ಡವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಎಲ್ಲರ ಮುಂದೆ ಬಾಯಿಬಿಡೋಣವೆಂದರೆ ಏನೆಂದು ಹೇಳುವುದು? ಸಾಯಲಿ ಅಂತ ಇಟ್ಟಿದ್ದೆ, ಬದುಕಿಬಿಡ್ತು, ಆದ್ದರಿಂದ ಅದು ನನ್ನ ಕೈಗುಣ ಎಂದೇ?

ಮರುದಿನ ಅವಳು ಕುಂಡವನ್ನು ಮುಟ್ಟಲಿಲ್ಲ.

ಅಮ್ಮನನ್ನು ಮಲಗಿಸಿ ಬಂದು ಹಲ್ಲಿನ ಮುಂದೆ ಕೂತಳು. ಕಿಟಕಿಯಿಂದ ಬಿಸಿಲು ಇಳಿಯಿತು. ಮೊದಲು ಸ್ಟೂಲಿನ ಕಾಲಿಗೆ, ಆಮೇಲೆ ಕುಂಡಕ್ಕೆ, ಆಮೇಲೆ ಎಲೆಗಳಿಗೆ. ಅವಳು ಮೇಲ್ದವಡೆಯನ್ನು ಕೆಳದವಡೆಗೆ ಕೂಡಿಸಿ ಕಚ್ಚುವಿಕೆ ನೋಡಿದಳು. ಸರಿ ಕೂಡಲಿಲ್ಲ. ಮೇಣ ಕರಗಿಸಿ ಮತ್ತೆ ಕೂರಿಸಿದಳು. ಮತ್ತೆ ಕೂಡಲಿಲ್ಲ. ಹೊಸ ಎಲೆ, ಇನ್ನೂ ಪೂರ್ತಿ ಬಿಚ್ಚಿಕೊಳ್ಳದ ಆ ಎಳೆಯದು, ಅಂಚಿನಲ್ಲಿ ಒಳಕ್ಕೆ ಮುದುರುವುದು ಕಂಡಿತು. ಒಣಗಲಿ, ಕೈಗುಣ ಇರುವವರು ಬಂದು ನೋಡಿಕೊಳ್ಳಲಿ ಎಂದು ಮೇಣದ ಚಾಕುವನ್ನು ದೀಪಕ್ಕೆ ಹಿಡಿದಳು.

"ದೊಡ್ಡೋಳೇ," ಎಂದು ಒಳಗಿನಿಂದ ಅಮ್ಮನ ದನಿ ಬಂತು.

ಹೋದಳು. ಅಮ್ಮ ಮಗ್ಗುಲಾಗಿ ಮಲಗಿದ್ದಳು.

"ಏನಮ್ಮ, ನೀರು ಬೇಕಾ?"

"ಇವತ್ತು ಗಿಡ ಬಚ್ಚಲಿಗೆ ಹೋಗ್ಲಿಲ್ವಾ?"

ದೊಡ್ಡವಳ ಕೈಯಲ್ಲಿ ಚಾಕು ಹಾಗೇ ಉಳಿಯಿತು. "ಯಾವ ಗಿಡ?" ಎಂದಳು. ಮನೆಯಲ್ಲಿದ್ದದ್ದು ಒಂದೇ ಗಿಡ.

"ಬಿಡೇ, ನನ್ನ ಹತ್ರ ಯಾಕೆ ಆಟ. ದಿನಾ ನೋಡ್ತೀನಲ್ಲ." ಅಮ್ಮ ಕಾಲ ಬಳಿಯ ಬೀರುವಿನ ಕನ್ನಡಿಯತ್ತ ಗಲ್ಲ ಎತ್ತಿದಳು. ಅದರಲ್ಲಿ ಕೋಣೆಯಾಚೆಯ ಕಾರಿಡಾರೂ ಬಚ್ಚಲಿನ ಬಾಗಿಲೂ ಚೌಕಟ್ಟು ಹಾಕಿದ ಹಾಗೆ ಕಾಣುತ್ತಿದ್ದವು. "ಮಗು ಎತ್ಕೊಂಡ ಹಾಗೆ ಎತ್ಕೊಂಡು ಹೋಗ್ತೀಯ."

"ಮತ್ತೆ ನಿನ್ನೆ ಅವರೆಲ್ಲರ ಮುಂದೆ? ಅವಳ ಕೈಗುಣ ಅಂದೆಯಲ್ಲ?" ಮಾತು ಅಂದುಕೊಂಡದ್ದಕ್ಕಿಂತ ಜೋರಾಗಿ ಹೊರಬಿತ್ತು.

"ಅಂದೆ." ಅಮ್ಮ ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸಿದಳು. "ಗಂಡನ ಮನೇಲಿ, ನೀನು ಮುಟ್ಟಿದ್ದೆಲ್ಲ ಹಾಳು ಅಂತ ಅನ್ನಿಸ್ಕೊಂಡು ಬಂದಿದ್ದಾಳೆ ಅವಳು. ಒಂದು ಗಿಡಾನಾದ್ರೂ ಅವಳದಾಗ್ಲಿ ಅಂತ ಅಂದೆ. ನೀನೂ ಅದಕ್ಕೇ ತಾನೇ ಅವಳಿಗೆ ಗೊತ್ತಾಗದ ಹಾಗೆ ಮಾಡ್ತಿರೋದು?"

ದೊಡ್ಡವಳು ಚಾಕುವಿಗೆ ಅಂಟಿದ್ದ ಮೇಣವನ್ನು ಉಗುರಿನಿಂದ ಕೆರೆದಳು.

"ನಿನ್ನ ಕೈಗುಣ ನಿಂಗೆ ಬೇರೆ ಯಾರಾದ್ರೂ ಹೇಳ್ಬೇಕಾ? ಬಿದ್ದೋಳನ್ನ ಎಬ್ಬಿಸಿ ನಡೆಸಿದ್ದೀಯ. ಅದರ ಮುಂದೆ ಗಿಡ ಏನ್ ಮಹಾ." ಹೊಗಳುವ ದನಿಯಲ್ಲ, ಉಪ್ಪು ಮುಗಿದಿದೆ ಎನ್ನುವಾಗಿನ ದನಿ. "ಹೋಗು, ಬಾಡಿಹೋಗುತ್ತೆ. ಆಮೇಲೆ ನಂಗೆ ಒಂದು ಲೋಟ ನೀರು ತಾ."

ಇಷ್ಟು ದಿನ ಯಾವ ಮಾತಿಗಾಗಿ ಕಾದಿದ್ದಳೋ ಅದು ಬಂದಿತ್ತು. ಇಟ್ಟುಕೊಳ್ಳುವುದಕ್ಕೆ ಅವಳಲ್ಲಿ ಜಾಗ ಸಿಗಲಿಲ್ಲ. ಹಾಗಲ್ಲಮ್ಮ ಎಂದು ಬಾಯಿ ತೆರೆದಳು. ಅಮ್ಮ ಆಗಲೇ ಕಣ್ಣನ್ನು ಕನ್ನಡಿಗೆ ನೆಟ್ಟು ಕಾಯುತ್ತಿದ್ದಳು.

ಕುಂಡ ಕೈಗೆ ಬಿಸಿಯಾಗಿ ತಾಗಿತು. ಎಳೆಯ ಎಲೆಯ ಒಂದು ಬದಿ ಕಾಗದದಂತೆ ಸುಟ್ಟಿತ್ತು. ಎದೆಗೊತ್ತಿಕೊಂಡು ಕಾರಿಡಾರ್ ದಾಟಿದಳು. ಅಮ್ಮ ನೋಡುತ್ತಿದ್ದಾಳೆಂದು ಗೊತ್ತಿದ್ದು ಇಡುವ ಹೆಜ್ಜೆಗಳು ಎಂದಿನಂತಿರಲಿಲ್ಲ. ಬಚ್ಚಲಿನ ಒದ್ದೆ ನೆಲದ ಮೇಲೆ ಕುಂಡವನ್ನಿಟ್ಟು, ಸುಟ್ಟ ಎಲೆಯನ್ನು ಗೋಡೆಯ ಕಡೆಗೆ ತಿರುಗಿಸಿದಳು. ಬಾಗಿಲು ಎಳೆದುಕೊಳ್ಳಲು ಹೋಗಿ ತಲೆ ಎತ್ತಿದಳು. ದೂರದ ಕನ್ನಡಿಯಲ್ಲಿ ಅಂಗೈಯಷ್ಟು ಅಗಲದ ಅಮ್ಮನ ಮುಖವಿತ್ತು.

ದೊಡ್ಡವಳು ಮತ್ತೆ ಕುಕ್ಕರಿಸಿ ಕೂತು ಕುಂಡದ ಅಂಚು ಹಿಡಿದಳು. ಸುಟ್ಟ ಎಲೆಯನ್ನು ನಿಧಾನವಾಗಿ ಬಾಗಿಲಿನ ಕಡೆಗೆ, ಕನ್ನಡಿಯಲ್ಲಿ ಅಮ್ಮನಿಗೆ ಕಾಣುವ ಹಾಗೆ ತಿರುಗಿಸಿ ಕೈ ಬಿಟ್ಟಳು.